ಲಾಯದಕ್ಕ ಗೇಟಿಗೆ ಬೀಗ ಹಾಕಿದ ದಿನ

ಊರಿನವರೆಲ್ಲ ಅವಳನ್ನು ಲಾಯದಕ್ಕ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅವನು ಕಟ್ಟಿದ್ದ ಕುದುರೆ ಸವಾರಿ ಶಾಲೆಯನ್ನು ಮೈದುನನ ಜೊತೆ ನಡೆಸುತ್ತಿದ್ದಳು. ಮಕ್ಕಳಿಗೆ ಸವಾರಿ ಕಲಿಸುವುದು ಮೈದುನನ ಕೆಲಸ. ಹುಲ್ಲು, ನೀರು, ಗೊರಸು, ಔಷಧ ಎಲ್ಲ ಇವಳ ಪಾಲಿಗೆ. ಮನುಷ್ಯರ ಹತ್ತಿರ ಮಾತು ಕಡಿಮೆ. “ಅತ್ತಿಗೆಗೆ ಏನಾದ್ರೂ ಕೇಳಿಸ್ಬೇಕು ಅಂದ್ರೆ ನಾನು ಕೆನೀಬೇಕು” ಎಂದು ಮೈದುನ ನಗಾಡುತ್ತಿದ್ದ.

ಒಂದು ಬೆಳಿಗ್ಗೆ, ಸ್ಪರ್ಧೆ ಮುಗಿಸಿ ಬಂದಿದ್ದ ಕಿಡಿ ಎಂಬ ಎಳೆ ಕುದುರೆ ಒಣ ಕೆಮ್ಮು ಕೆಮ್ಮಿತು. ಲಾಯದಕ್ಕ ಕೈಯಲ್ಲಿದ್ದ ಬಕೆಟ್ ಅಲ್ಲೇ ಇಟ್ಟು ಅದರ ಕುತ್ತಿಗೆ ಮುಟ್ಟಿ ನೋಡಿದಳು.

“ಹುಲ್ಲಿನ ಧೂಳು, ಅತ್ತಿಗೆ.”

“ಧೂಳಿಗೆ ಮೈ ಹೀಗೆ ಕಾಯುತ್ತೇನೋ?”

ಪಶು ಆಸ್ಪತ್ರೆಯ ಡಾಕ್ಟರಮ್ಮ ಬಂದು ಮೂಗಿನ ಸಿಂಬಳ ಪರೀಕ್ಷೆಗೆ ತೆಗೆದುಕೊಂಡರು. “ಕುದುರೆ ಫ್ಲೂ ಇದ್ದ ಹಾಗಿದೆ. ಒಂದನ್ನೂ ಹೊರಗೆ ಬಿಡಬೇಡಿ.”

ಮೈದುನ ರೇಗಿದ. “ಮತ್ತೆ ವರ್ಷ ವರ್ಷ ಸೂಜಿ ಚುಚ್ಚಿಸಿದ್ದು ಯಾವ ಭಾಗ್ಯಕ್ಕೆ?”

“ಲಸಿಕೆ ಹಾಕಿದ್ರೆ ರೋಗ ಬರೋದೇ ಇಲ್ಲ ಅಂತ ಅಲ್ಲಪ್ಪ. ವೈರಸ್ಸು ರೂಪ ಬದಲಾಯಿಸ್ತಾ ಇರುತ್ತೆ, ಲಸಿಕೆಯ ಬಲವೂ ದಿನ ಹೋದ ಹಾಗೆ ಇಳಿಯುತ್ತೆ. ಆದ್ರೆ ಹಾಕಿಸಿದ್ದಕ್ಕೆ ಕಾಯಿಲೆ ಹಗುರ, ಹರಡೋದೂ ಕಡಿಮೆ. ಹಾಕಿಸದೇ ಇರೋದು ಯಾವುದಾದ್ರೂ ಇದೆಯಾ?”

ಇಬ್ಬರೂ ಲಾಯದ ಕೊನೆಯ ಅಂಕಣದ ಕಡೆ ನೋಡಿದರು. ಅಲ್ಲಿದ್ದದ್ದು ಅಜ್ಜ, ಶಾಲೆಯ ಮುದಿ ಕುದುರೆ. ಗೇಟು ದಾಟದ ಮುದುಕನಿಗೆ ಯಾಕೆ ಸೂಜಿ ಎಂದು ಮೈದುನ ಅಂದಿದ್ದ; ಅವಳೂ ಹೂಂಗುಟ್ಟಿದ್ದಳು.

ಡಾಕ್ಟರಮ್ಮ ಹೋಗುವಷ್ಟರಲ್ಲಿ ಗೇಟಿನ ಮುಂದೆ ಟ್ರಕ್ ಬಂದು ನಿಂತಿತು. ಪಕ್ಕದೂರಿನ ಯಜಮಾನ, ಗಂಡನ ಹಳೇ ಗೆಳೆಯ, ತರಬೇತಿಗೆ ಬಿಟ್ಟಿದ್ದ ತನ್ನ ಕಂದು ಹೆಣ್ಣು ಕುದುರೆಯನ್ನು ವಾಪಸ್ ಕರೆದೊಯ್ಯಲು ಬಂದಿದ್ದ. ಲಾಯದಕ್ಕ ಫ್ಲೂ ವಿಷಯ ಹೇಳಿ, ಗೇಟಿಗೆ ಬೀಗ ಹಾಕಿ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದಳು.

“ನನ್ನ ಕುದುರೆ ಕೆಮ್ತಾನೇ ಇಲ್ವಲ್ಲಮ್ಮ! ಲಸಿಕೆನೂ ಆಗಿದೆ.”

“ಕೆಮ್ಮು ಶುರುವಾಗೋ ಮೊದಲೇ ಹರಡಬಹುದಣ್ಣ. ನಿಮ್ಮಲ್ಲಿ ಮರಿಗಳಿವೆ, ಅವಕ್ಕೆ ಇನ್ನೂ ಲಸಿಕೆ ಆಗಿಲ್ಲ. ಕೊಡಲ್ಲ.”

“ನನ್ನ ಕುದುರೆಗೆ ನಿನ್ನ ಅಪ್ಪಣೆ ಬೇಕಾ?”

ಮೈದುನ ಅವಳ ಕಿವಿಯ ಹತ್ತಿರ ಬಂದ. “ಇರೋ ಒಬ್ಬ ಹಿತೈಷೀನೂ ಕಳ್ಕೊಳ್ತೀರಾ, ಅತ್ತಿಗೆ?”

ಅವಳು ಗೇಟಿಗೆ ಬೆನ್ನು ಕೊಟ್ಟು ನಿಂತಳು. ಅಲ್ಲಿಂದ ಕದಲಲಿಲ್ಲ. ಯಜಮಾನ ಬಾಯಿಗೆ ಬಂದ ಹಾಗೆ ಬೈದು, ಖಾಲಿ ಟ್ರಕ್ ತಿರುಗಿಸಿಕೊಂಡು ಹೋದ.

ಮಾರನೆಯ ದಿನ ಕಂದು ಕುದುರೆ ಕೆಮ್ಮಿತು. ಆಮೇಲೆ ಇನ್ನೂ ಕೆಲವು. ಲಸಿಕೆ ಆಗಿದ್ದವು ಸ್ವಲ್ಪ ಮಂಕಾಗಿ, ಬೇಗನೆ ಮತ್ತೆ ಮೇವಿಗೆ ಬಾಯಿ ಹಾಕಿದವು. ಅಜ್ಜನ ಕಥೆಯೇ ಬೇರೆ. ಜ್ವರ ಕೆಂಡದಂತೆ, ಮೂಗಿನಿಂದ ಹಳದಿ ಕೀವು, ಕಮ್ಮಾರನ ತಿದಿಯ ಹಾಗೆ ಏಳುತ್ತ ಬೀಳುತ್ತ ಪಕ್ಕೆ. ರೋಗ ಶ್ವಾಸಕೋಶಕ್ಕೆ ಇಳಿದಿದೆ ಎಂದು ಹೇಳಿ ಡಾಕ್ಟರಮ್ಮ ಔಷಧ ಕೊಟ್ಟರು, ಭರವಸೆ ಮಾತ್ರ ಕೊಡಲಿಲ್ಲ.

ಮೈದುನ ಅಜ್ಜನ ಪಕ್ಕ ಬಿಟ್ಟು ಅಲ್ಲಾಡಲಿಲ್ಲ. ಹುಲ್ಲು ನೆನೆಸಿ ತುಟಿಗೆ ಹಿಡಿಯುತ್ತಿದ್ದ. “ನಾನೇ ಅಲ್ವಾ ಬೇಡ ಅಂದಿದ್ದು...” ಎನ್ನುತ್ತ ಇನ್ನೊಂದು ಹಿಡಿ ಹುಲ್ಲು ನೀರಿಗೆ ಅದ್ದಿದ.

“ನಾನೇನು ಬೇಕು ಅಂದಿದ್ನಾ? ನೀರು ಹಿಡಿ.”

ಒಂದು ಮಧ್ಯಾಹ್ನ ಅಜ್ಜ ಮಲಗಿಬಿಟ್ಟಿತು. ಎಬ್ಬಿಸಿದರೂ ಏಳಲಿಲ್ಲ. ಇಬ್ಬರೂ ಭುಜ ಕೊಟ್ಟು ತಳ್ಳಿದರು, ಗದರಿದರು, ಬೇಡಿಕೊಂಡರು. ಲಾಯದಕ್ಕ ಅದರ ಕುತ್ತಿಗೆಗೆ ಹಣೆ ಹಚ್ಚಿ ಕುಸಿದು ಕೂತಾಗ, ಮುಂಗಾಲು ಚಾಚಿ ಅಜ್ಜ ಮೇಲೆದ್ದಿತು. ತೂರಾಡಿತು, ನಿಂತಿತು, ಬಕೆಟ್ಟಿಗೆ ಮೂತಿ ಇಟ್ಟಿತು. ಮೈದುನ ಗೋಡೆಗೆ ಮುಖ ಮಾಡಿ ಅತ್ತ.

ಅಜ್ಜ ಉಳಿಯಿತು, ಆದರೆ ಉಸಿರು ಮೊದಲಿನಂತಾಗಲಿಲ್ಲ. ಮತ್ತೆ ಮಕ್ಕಳನ್ನು ಹೊರಲಿಲ್ಲ. ರೋಗ ಪೂರ್ತಿ ಹೋಯಿತೆಂದು ಡಾಕ್ಟರಮ್ಮ ಹೇಳಿದ ಮೇಲೆ ಯಜಮಾನ ಬಂದು ಕಂದು ಕುದುರೆಯನ್ನು ಟ್ರಕ್ಕಿಗೆ ಹತ್ತಿಸಿದ. ಹೊರಡುವಾಗ ಕೆಮ್ಮಿ ಗಂಟಲು ಸರಿಮಾಡಿಕೊಂಡು, “ಮರಿಗಳು ಚೆನ್ನಾಗಿವೆ ಕಣಮ್ಮ” ಎಂದ. ಅವನು ಕ್ಷಮೆ ಕೇಳಲಿಲ್ಲ, ಅವಳೂ ಕಾಯಲಿಲ್ಲ. ಒಳಗಿನಿಂದ ಅವನಿಗೊಂದು ಲೋಟ ಚಹಾ ತಂದುಕೊಟ್ಟಳು.