ಲೈಸೆನ್ಸಿನಲ್ಲಿದ್ದ ಹೆಸರು

ಟಿ. ನರಸೀಪುರದಲ್ಲಿ ಹದಿನೆಂಟು ವರ್ಷ ವೈನ್ ಶಾಪ್ ನಡೆಸಿದವನು ನಾನು. ಬೆಳಿಗ್ಗೆ ಶಟರ್ ಎತ್ತುವುದರಿಂದ ಹಿಡಿದು ಕುಡಿದು ಜಗಳಕ್ಕೆ ಬಂದವರನ್ನು ಕೊರಳಪಟ್ಟಿ ಹಿಡಿದು ಆಚೆ ತಳ್ಳುವವರೆಗೆ ಎಲ್ಲವೂ ನನ್ನದೇ ಕೆಲಸ. ಲೈಸೆನ್ಸಿನಲ್ಲಿದ್ದ ಹೆಸರು ಮಾತ್ರ ಹೆಮ್ಮಿಗೆಯ ನನ್ನ ಗೆಳೆಯನದು.

ನಮ್ಮೂರು ಹದಿನಾರಿನಲ್ಲಿ ನಮ್ಮದು ಲಿಂಗ ಕಟ್ಟಿಕೊಂಡು ಮಠಕ್ಕೆ ನಡೆದುಕೊಳ್ಳುವ ಮನೆ. ಹೆಂಡದಂಗಡಿಯ ಬೋರ್ಡಿನ ಮೇಲೆ ನನ್ನ ಹೆಸರು ಬಂದರೆ ತಂಗಿಯರಿಗೆ ಗಂಡು ಸಿಗುವುದಿಲ್ಲ ಎಂದು ಹೆದರಿದೆ. ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತಿದ್ದ ಇವನನ್ನು ಕೇಳಿದೆ. “ಅದಕ್ಯಾಕ್ಲಾ ಇಷ್ಟು ಯೋಚ್ನೆ? ನನ್ ಎಸ್ರು ಆಕ್ಕೊ” ಎಂದ. ಹೆಸರು ಒಬ್ಬರದು, ಅಂಗಡಿ ಇನ್ನೊಬ್ಬರದು ಎನ್ನುವುದು ಈ ಕಸುಬಿನಲ್ಲಿ ಹೊಸದೇನಲ್ಲ. ಗೆಳೆಯನ ಹತ್ತಿರ ಪತ್ರ ಬರೆಸಿಕೊಳ್ಳುವುದು ಮರ್ಯಾದೆಯಲ್ಲ ಎಂದು ಬಾಯಿಮಾತಿನಲ್ಲೇ ಮುಗಿಸಿದೆವು. ನನ್ನಂಥ ಪೆದ್ದ ಇನ್ನೊಬ್ಬನಿಲ್ಲ.

ಮನೆಯಲ್ಲಾಗಲಿ ಮಠದಲ್ಲಾಗಲಿ ಯಾರು ಕೇಳಿದರೂ, ಅಂಗಡಿ ಅವನದು, ನಾನು ನೋಡಿಕೊಳ್ಳುತ್ತೇನೆ ಅಷ್ಟೇ ಎನ್ನುತ್ತಿದ್ದೆ. ಹೆದ್ದಾರಿಯ ಪಕ್ಕ ಮದ್ಯದಂಗಡಿ ಇರಬಾರದೆಂಬ ಆದೇಶ ಬಂದಾಗ ಗಂಟುಮೂಟೆ ಕಟ್ಟಿಕೊಂಡು ಒಳಗಿನ ಬೀದಿಗೆ ಹೋದೆ. ಅಲ್ಲಿನ ಹೆಂಗಸರು ಪೊರಕೆ ಹಿಡಿದು ಬಂದರು. ಅವರಿಗೂ ಅದೇ ಉತ್ತರ ಕೊಟ್ಟೆ. ಅವರು ಟೆಂಪೊ ಮಾಡಿಕೊಂಡು ಹೆಮ್ಮಿಗೆಗೆ ಹೋಗಿ, ಅವನ ಮನೆ ಮುಂದೆ ಕೂತು, ಬಾಯಿಗೆ ಬಂದಂತೆ ಬೈದು ಬಂದರು. ಅವನು ಫೋನ್ ಮಾಡಿ ನಕ್ಕ. ನಾನೂ ನಕ್ಕೆ.

ಆಮೇಲೆ ಎಲ್ಲ ಆನ್‌ಲೈನ್ ಆಯಿತು. ಮಾಲು ತರಿಸುವುದಿರಲಿ, ರಿನ್ಯೂವಲ್ ಇರಲಿ, ಓಟಿಪಿ ಹೋಗುವುದು ಲೈಸೆನ್ಸುದಾರನ ಮೊಬೈಲಿಗೆ. ಅವನು ಗದ್ದೆಯ ಬದುವಿನ ಮೇಲೆ ನಿಂತೇ ನಂಬರು ಓದಿ ಹೇಳುತ್ತಿದ್ದ. ಲೈಸೆನ್ಸನ್ನು ಬೇರೆಯವರ ಹೆಸರಿಗೆ ವರ್ಗಾಯಿಸುವ ನಿಯಮ ಸಡಿಲವಾಯಿತೆಂದು ಪೇಪರಿನಲ್ಲಿ ಬಂದಾಗ, ನನಗೇನು ಬಂತು ಎಂದು ಪೇಪರು ಮಡಚಿಟ್ಟೆ. ಅದಾದ ಸ್ವಲ್ಪ ದಿನಕ್ಕೆ ಒಂದು ಸೋಮವಾರ ಅವನು ಫೋನ್ ಎತ್ತಲಿಲ್ಲ. ಮಂಗಳವಾರವೂ ಎತ್ತಲಿಲ್ಲ.

ಬುಧವಾರ ಅಬಕಾರಿ ಕಚೇರಿಗೆ ಹೋದೆ. ಗುಮಾಸ್ತ ತಲೆ ಎತ್ತದೆ ಹೇಳಿದ: “ನಿಮ್ಗೆ ಗೊತ್ತಿಲ್ವಾ ಸಾ? ಆ ಲೈಸೆನ್ಸು ಮೈಸೂರಿನೋರಿಗೆ ವರ್ಗ ಆಯ್ತಾ ಅದೆ. ಲೈಸೆನ್ಸುದಾರ್ರೇ ಬಂದು ಅರ್ಜಿ ಕೊಟ್ಟವ್ರೆ.”

ನಂಬಿಸಿ ಕತ್ತು ಕೊಯ್ದ ನನ್ಮಗ ಎಂದು ದಾರಿಯುದ್ದಕ್ಕೂ ಬೈಯುತ್ತಾ ಹೆಮ್ಮಿಗೆಗೆ ಬೈಕ್ ಓಡಿಸಿದೆ. ಅವನು ಜಗಲಿಯ ಮೇಲೆ ಕೂತು ಹಸುವಿನ ಹಗ್ಗ ಹೊಸೆಯುತ್ತಿದ್ದ. ನನ್ನನ್ನು ನೋಡಿಯೂ ಏಳಲಿಲ್ಲ.

“ಯಾಕ್ಲಾ ಇಂಗ್ ಮಾಡ್ದೆ? ನಾನ್ ಏನ್ ಅನ್ಯಾಯ ಮಾಡಿದ್ದೆ ನಿಂಗೆ?” ಎಂದೆ.

“ನನ್ ಮಗಳ್ನ ನೋಡಕ್ಕೆ ಬಂದ ಮೂರು ಕಡೆಯೋರೂ ಎಂಡದಂಗ್ಡಿಯೋನ ಮನೆ ಅಂತ ಎದ್ದೋದ್ರು” ಎಂದ. “ನಿನ್ ತಂಗೀರ ಮದ್ವೆ ಚೆನ್ನಾಗಾಯ್ತು.”

“ನಂಗೊಂದ್ ಮಾತು ಯೋಳ್ಬಾರ್ದಿತ್ತಾ?”

ಅವನು ಹಗ್ಗ ಪಕ್ಕಕ್ಕಿಟ್ಟ. “ಈಗ್ಲೂ ಅರ್ಜಿ ವಾಪಸ್ ತಕ್ಕಬೌದು ಕಣ್ಲಾ. ನಾಳೆ ನಿಮ್ ಮಠಕ್ಕೆ ಓಗಮ. ‘ಅಂಗ್ಡಿ ನಂದು, ಇವ್ನು ಬರೀ ಎಸ್ರು ಕೊಟ್ಟಿದ್ದ’ ಅಂತ ಎಲ್ರ ಮುಂದೆ ಒಂದ್ ಮಾತು ಅನ್ನು. ಅಲ್ಲೇ ನಿಂತ್ಕಂಡು ನಿನ್ ಎಸ್ರಿಗೆ ಸೈನ್ ಆಕ್ತೀನಿ.”

ಮುಂದಿನ ವಾರ ನನ್ನ ಮಗಳನ್ನು ನೋಡಲು ನಂಜನಗೂಡಿನಿಂದ ಜನ ಬರುವವರಿದ್ದರು. ಅವನಿಗೂ ಅದು ಗೊತ್ತಿತ್ತು. ಗೊತ್ತಿದ್ದೇ ಕೇಳಿದ. ಆಗುವುದಿಲ್ಲ ಎಂದು ತಲೆಯಾಡಿಸಿ ಜಗಲಿಯ ಅಂಚಿಗೆ ಕೂತೆ. ಅವನು ಹೆಂಡತಿಯನ್ನು ಕರೆದು ನನಗೆ ಕಾಫಿ ತರಲು ಹೇಳಿದ.

ಅಂಗಡಿ ಈಗ ಮೈಸೂರಿನವರದು. ಅವನು ಮಾಡಿದ್ದು ದ್ರೋಹವೇ. ಆದರೆ ಯಾರ ಹತ್ತಿರ ಹೇಳಿಕೊಳ್ಳಲಿ? ನನ್ನ ಅಂಗಡಿ ಕಿತ್ತುಕೊಂಡ ಎನ್ನಬೇಕಾದರೆ, ಅದು ನನ್ನದಾಗಿತ್ತು ಎಂದು ಮೊದಲು ಒಪ್ಪಿಕೊಳ್ಳಬೇಕು.