ಹಿಡಿದ್ಯಾ ಎಂದು ಕೈಬಿಟ್ಟ ಶಾಮಿಯಾನದವನು

ಶಾಮಿಯಾನದಂಗಡಿಯ ಯಜಮಾನನಿಗೆ ಊರಿನವರು ಇಟ್ಟ ಹೆಸರು ‘ನಾನೊಬ್ನೇ’. ಮದುವೆಯಿರಲಿ, ಮೀಟಿಂಗ್ ಇರಲಿ, ಶಾಮಿಯಾನ ಎದ್ದು ನಿಂತ ಮೇಲೆ ಸೊಂಟದ ಮೇಲೆ ಕೈಯಿಟ್ಟು “ನಾನೊಬ್ನೇ ನಿಂತು ಮಾಡಿದ್ದು” ಅನ್ನದಿದ್ದರೆ ಅವನಿಗೆ ಉಂಡ ಅನ್ನ ಅರಗುತ್ತಿರಲಿಲ್ಲ. ಕಂಬ ಹೊತ್ತ ಆಳುಗಳು, ಹರಿದ ಬಟ್ಟೆಗೆ ಹೊಲಿಗೆ ಹಾಕಿದ ಹೆಂಡತಿ, ಹಗ್ಗದ ಇನ್ನೊಂದು ತುದಿ ಹಿಡಿದ ತಮ್ಮ, ಎಲ್ಲರೂ ಆ ಮಾತು ಕೇಳುವಾಗ ಪಕ್ಕದಲ್ಲೇ ಇರುತ್ತಿದ್ದರು ಪಾಪ.

ಹಗ್ಗದ ಕೆಲಸಕ್ಕೆ ಅಣ್ಣತಮ್ಮಂದಿರದ್ದೊಂದು ಪದ್ಧತಿ. ಅಣ್ಣ ಈಚೆಯಿಂದ “ಹಿಡಿದ್ಯಾ?” ಎಂದು ಕೂಗಬೇಕು, ತಮ್ಮ ಆಚೆಯಿಂದ “ಹಿಡಿದೆ” ಅನ್ನಬೇಕು, ಆಮೇಲೆ ಅಣ್ಣ ಕೈಬಿಟ್ಟು ಗೂಟ ಬಡಿಯಬೇಕು. ತಮ್ಮ ಒಂದು ದಿನವೂ ತಪ್ಪಿದವನಲ್ಲ. ಹಾಗಾಗಿ ಬರುಬರುತ್ತ ಅಣ್ಣ ಉತ್ತರಕ್ಕೆ ಕಾಯುವುದನ್ನೇ ಬಿಟ್ಟಿದ್ದ.

ಒಂದು ದಿನ ಗಿರಾಕಿಯ ಎದುರೇ ತಮ್ಮ ಕೇಳಿಬಿಟ್ಟ.

“ಅಣ್ಣಾ, ಒಂದ್ಸಲನಾದ್ರೂ ‘ನಾವು’ ಅಂತ ಹೇಳಬಾರ್ದಾ?”

“ಯಾಕೋ, ನೀನಿಲ್ದಿದ್ರೆ ಶಾಮಿಯಾನ ಏಳಲ್ವಾ?”

“ಹಾಗಿದ್ರೆ ಎಬ್ಬಿಸ್ಕೋ. ಸೋಮವಾರದಿಂದ ನಾನು ಬರಲ್ಲ. ಬೇರೆ ಅಂಗಡಿ ನೋಡಿದೀನಿ.”

ಯಜಮಾನನಿಗೆ ತಮ್ಮನನ್ನು ತಡೆಯಬೇಕೆನಿಸಿತು. ಆದರೆ ‘ಹೋಗಬೇಡ’ ಅಂದರೆ ಬಾಯಿಯ ಮುತ್ತು ಉದುರುತ್ತದಲ್ಲ! ಅದರ ಬದಲು ಬೈಕ್‌ನಲ್ಲಿ ಒಂಟಿಯಾಗಿ ಸಮುದ್ರದಂಚಿಗೆ ಹೋಗಿ, ಬಂಡೆಗಳ ಮೇಲೆ ಡೇರೆ ಹಾಕಿ, ಒಂದು ರಾತ್ರಿ ಕಳೆದು ಬರುವುದಾಗಿ ಸಾರಿದ. ಫೋನಿನಲ್ಲಿ ಯಾವನೋ ಗಡ್ಡದವನು ಹಾಗೆ ಮಾಡಿದ್ದನ್ನು ನೋಡಿದ್ದ. ಗಡ್ಡದವನ ವಿಡಿಯೋ ಹಿಡಿದವರು ಯಾರು ಎಂಬ ಪ್ರಶ್ನೆ ಅವನ ತಲೆಗೆ ಹೊಳೆಯಲಿಲ್ಲ.

“ಮನೇಲಿ ಲೋಟ ಎಲ್ಲಿದೆ ಅಂತ ಗೊತ್ತಿಲ್ಲ, ಸಮುದ್ರಕ್ಕೆ ಹೊರಟ್ರು ಸಾಹೇಬ್ರು,” ಎನ್ನುತ್ತಲೇ ಹೆಂಡತಿ ಹಾಸಿಗೆ ಸುತ್ತಿದಳು, ಬುತ್ತಿ ಕಟ್ಟಿದಳು, ಎಲ್ಲವನ್ನೂ ಬೈಕಿಗೆ ಬಿಗಿದಳು. ಕೊನೆಗೆ ಫೋಟೋವನ್ನೂ ತೆಗೆದುಕೊಟ್ಟಳು. ‘ಒಬ್ಬನೇ ಹೊರಟೆ’ ಎಂದು ಅವನು ಅದನ್ನು ಸ್ಟೇಟಸ್ಸಿಗೆ ಹಾಕಿದ.

ದಾರಿಯಲ್ಲಿ ಪಂಕ್ಚರ್ ಆದ ಚಕ್ರ ಬಿಚ್ಚಿದವನು ಗ್ಯಾರೇಜಿನವನು. ಮರಳಲ್ಲಿ ಹೂತ ಬೈಕನ್ನು ತಳ್ಳಿದವರು ಬಲೆ ಒಣಗಿಸುತ್ತಿದ್ದ ಹೆಂಗಸರು. ಇದ್ಯಾವುದನ್ನೂ ನಮ್ಮ ಒಂಟಿ ಸವಾರ ಲೆಕ್ಕಕ್ಕೆ ಹಿಡಿಯಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಂಡೆಯ ತುದಿ ತಲುಪಿದ. ಕೆಳಗೆ ಅಲೆಗಳು ಅಪ್ಪಳಿಸುತ್ತಿದ್ದವು, ನಿಂತವನನ್ನೇ ನೂಕುವಂಥ ಗಾಳಿ. ಅವನಿಗೇನು, ಸಾವಿರ ಜನ ಕೂರುವ ಶಾಮಿಯಾನ ಎಬ್ಬಿಸಿದವನಿಗೆ ಈ ಗೇಣುದ್ದದ ಡೇರೆ ಯಾವ ಲೆಕ್ಕ? ಬಟ್ಟೆ ಹರಡಿದ. ಹಗ್ಗ ಜಗ್ಗಿ ಹಿಡಿದ. “ಹಿಡಿದ್ಯಾ?” ಎಂದು ಗಂಟಲು ಹರಿಯುವಂತೆ ಕೂಗಿದ. ಕೈಬಿಟ್ಟು ಗೂಟಕ್ಕೆ ಬಗ್ಗಿದ.

ತಲೆ ಎತ್ತಿದಾಗ ಡೇರೆ ಸಮುದ್ರದ ಮೇಲಿತ್ತು.

ಓಡಿದ, ಎಡವಿದ, ಮೊಣಕಾಲು ತರಚಿಕೊಂಡ. ಡೇರೆ ಒಮ್ಮೆ ಉಬ್ಬಿ, ಅಲೆಯ ಮೇಲೆ ಕೂತು, ಮೆಲ್ಲಗೆ ಮುಳುಗಿತು. ಬಂಡೆಯ ಮೇಲೆ ಕೂತವನಿಗೆ ಡೇರೆಯ ಚಿಂತೆ ಹತ್ತಲಿಲ್ಲ, ಸೋಮವಾರದ ಭಯ ಹತ್ತಿತು. ಅಳು ಬಂತು. ಮೂಗು ಒರೆಸಿಕೊಂಡು ತಮ್ಮನಿಗೆ ಫೋನ್ ಮಾಡಿದ.

“ಡೇರೆ ಹೋಯ್ತು ಕಣೋ.”

“ಹೇಗೆ?”

“ಹಿಡಿದ್ಯಾ ಅಂದೆ, ಕೈಬಿಟ್ಟೆ.”

“ಅಲ್ಲಿ ಯಾರಿದ್ರು?”

“ಯಾರೂ ಇರ್ಲಿಲ್ಲ. ನೀನಿದೀಯ ಅಂದ್ಕೊಂಡುಬಿಟ್ಟೆ.”

“ಬೆಳಕಿರುವಾಗ್ಲೇ ಹೊರಡು. ನಿಧಾನಕ್ಕೆ ಬಾ,” ಅಂದ ತಮ್ಮ.

“ಸೋಮವಾರ?”

“ಮೊದ್ಲು ಮನೆಗೆ ಬಾ.”

ಸೋಮವಾರ ಶಾಲೆಯ ಮೈದಾನದಲ್ಲಿ ಕೆಲಸ. ಹರಡಿದ ಬಟ್ಟೆಯ ಆಚೆ ಯಾರಿದ್ದಾರೆಂದು ಯಜಮಾನನಿಗೆ ಕಾಣುತ್ತಿರಲಿಲ್ಲ. “ಹಿಡಿದ್ಯಾ?” ಎಂದು ಕೂಗಿ, ಎಷ್ಟೋ ವರ್ಷಗಳ ನಂತರ ಮೊದಲ ಬಾರಿಗೆ ಕಾದ. ಉತ್ತರವಿಲ್ಲ. ಅಂಗೈ ಉರಿಯಿತು. ಬಿಡಲಿಲ್ಲ.

“ಲೋ, ಕೇಳ್ತಿದೀನಲ್ಲೋ!”

“ಕೇಳಿಸ್ತು. ನೀನು ಕಾಯ್ತೀಯಾ ಇಲ್ವಾ ಅಂತ ನೋಡ್ತಿದ್ದೆ,” ಎಂದಿತು ಆಚೆಯ ದನಿ. “ಹಿಡಿದೆ.”

ಯಜಮಾನನ ಕಣ್ಣು ತುಂಬಿತು, ಧೂಳು ಅಂದ. ಸಂಜೆ ಶಾಲೆಯ ಹೆಡ್‌ಮಾಸ್ಟರು ಬಂದು ಶಾಮಿಯಾನ ನೋಡಿ ತಲೆದೂಗಿದಾಗ ತಮ್ಮನ ಹೆಗಲ ಮೇಲೆ ಕೈ ಹಾಕಿ, ಎದೆಯುಬ್ಬಿಸಿ ಹೇಳಿದ:

“ನಾವಿಬ್ರೇ ನಿಂತು ಮಾಡಿದ್ದು ಸಾರ್.”

ಕಂಬ ಹೊತ್ತ ಆಳುಗಳು ಪಕ್ಕದಲ್ಲೇ ಇದ್ದರು. ಸೂಜಿದಾರ ಹಿಡಿದ ಹೆಂಡತಿಯೂ ಇದ್ದಳು.