ಆಲುವದ ಮನೆಯ ಬೆಲ್ಲ

2023ರಲ್ಲಿ ನಾನು ತಿರುವನಂತಪುರದ ಉಳ್ಳೂರ್ ಬಳಿಯ ಆಸ್ಪತ್ರೆಯೊಂದರಲ್ಲಿ ಡಯಟಿಷಿಯನ್ ಆಗಿದ್ದೆ. ಕೆಲಸಕ್ಕೆ ಸೇರಿ ಎರಡನೇ ವರ್ಷ. ಜೂನ್‌ನಲ್ಲಿ ನರರೋಗ ವಿಭಾಗದವರು ಮೋಹನಣ್ಣನನ್ನು ನನ್ನ ಬಳಿಗೆ ಕಳಿಸಿದರು. ನನ್ನಂತೆಯೇ ಕಾಸರಗೋಡಿನವರು, ಕೊಚ್ಚಿ ಬಳಿಯ ಆಲುವದಲ್ಲಿ ಬ್ಯಾಂಕ್ ಅಧಿಕಾರಿ, ವಯಸ್ಸು 51. ಪಾದಗಳಲ್ಲಿ ಉರಿ, ಜೋಮು. ರೈಲು ಹತ್ತುವಾಗ ಒಂದು ಚಪ್ಪಲಿ ಕಳಚಿ ಬಿದ್ದದ್ದು ಅವರಿಗೆ ತಿಳಿದೇ ಇರಲಿಲ್ಲ.

ಮಧುಮೇಹ ಇರಲಿಲ್ಲ, ಮದ್ಯ ಮುಟ್ಟಿದವರಲ್ಲ. ಆದರೆ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು, 150ರೊಳಗೆ ಇರಬೇಕಾದದ್ದು 640 ಇತ್ತು. ನರಗಳ ತೊಂದರೆಗೆ ಇದೂ ಕಾರಣವಿರಬಹುದೆಂದು ವೈದ್ಯರ ಅನುಮಾನ.

"ತೆಂಗಿನೆಣ್ಣೆ ಬಿಟ್ಟೆ, ಮೀನು ಬಿಟ್ಟೆ, ಚಾಯಕ್ಕೆ ಸಕ್ಕರೆಯೂ ಇಲ್ಲ. ಇನ್ನು ಎಂತ ಬಿಡುವುದು ಮಾರಾಯ್ತಿ, ಉಸಿರಾ?" ಎಂದರು. ಅವರು ಹೇಳಿದ ಊಟದ ಲೆಕ್ಕವನ್ನೆಲ್ಲ ಬರೆದುಕೊಂಡೆ, ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಜುಲೈಯಲ್ಲಿ ತರಬೇತಿಗೆಂದು ಕೊಚ್ಚಿಗೆ ಹೋದಾಗ ಅವರ ಮನೆಗೂ ಹೋದೆ. ಕೂತ ಕೂಡಲೇ ಅವರ ಹೆಂಡತಿ ಶಶಿಕಲಕ್ಕ, ನಮ್ಮ ಕಡೆಯ ಪದ್ಧತಿಯಂತೆ, ನೀರಿನ ಚೊಂಬು, ತಟ್ಟೆಯಲ್ಲಿ ಬೆಲ್ಲ ತಂದಿಟ್ಟರು. ಮೋಹನಣ್ಣನೂ ನಿಂಬೆಗಾತ್ರದ ಒಂದು ಉಂಡೆ ಎತ್ತಿಕೊಂಡರು.

"ಬಂದವರ ಜೊತೆ ನಾನೂ ತಿನ್ನಬೇಕಲ್ಲ. ಊರವರೆಲ್ಲ ಆಲುವದಲ್ಲೇ ರೈಲು ಇಳಿದು ಇಲ್ಲಿಗೇ ಬರುವುದು."

"ಯಾರೂ ಬಾರದ ದಿನ?"

"ಬ್ಯಾಂಕಿಂದ ಬಂದವನು ನಾನಿಲ್ವಾ? ಊಟದ ಮೇಲೂ ಒಂದು ತುಂಡು ಬೇಕು. ಬೆಲ್ಲ ಸಕ್ಕರೆಯಾ? ಅದು ಮದ್ದು."

ಯಕೃತ್ತಿಗೆ ಆ ಭೇದವಿಲ್ಲ, ಹೆಚ್ಚಾದ ಸಿಹಿಯನ್ನು ಅದು ಕೊಬ್ಬಾಗಿಸಿ ರಕ್ತಕ್ಕೆ ಬಿಡುತ್ತದೆ ಎಂದೆ. ನನ್ನ ಮುಂದಿನ ತಟ್ಟೆಯನ್ನೂ ಹಿಂದಕ್ಕೆ ತಳ್ಳಿದೆ.

ಶಶಿಕಲಕ್ಕನ ಮುಖ ಕೆಂಪಾಯಿತು. "ನಮ್ಮೂರಿನ ಹುಡುಗಿ ಅಲ್ವಾ ನೀನು? ತ್ರಿವೇಂದ್ರಂನಲ್ಲಿ ಕಲಿತ ಮರ್ಯಾದೆ ಇದಾ?"

"ನಾನು ತಿಂದರೆ ಅಣ್ಣನೂ ತಿಂತಾರೆ ಅಕ್ಕ. ನೀರು ಕೊಟ್ಟಿದ್ದೀರಲ್ಲ, ಮರ್ಯಾದೆ ಅದರಲ್ಲೂ ಉಂಟು."

ನೀರನ್ನಷ್ಟೇ ಕುಡಿದೆ. ಇನ್ನೊಮ್ಮೆ ತಟ್ಟೆ ಮುಂದೆ ಬಂತು, ಇನ್ನೊಮ್ಮೆ ತಳ್ಳಿದೆ. ಮೋಹನಣ್ಣ ತಮ್ಮ ಪಾದಗಳನ್ನು ನೋಡಿಕೊಂಡರು. ಕೈಯಲ್ಲಿದ್ದ ಉಂಡೆಯನ್ನು ತಟ್ಟೆಗೆ ಮರಳಿಸಿದರು.

ಅಕ್ಟೋಬರ್‌ನಲ್ಲಿ ಟ್ರೈಗ್ಲಿಸರೈಡ್ 230ಕ್ಕೆ ಇಳಿದಿತ್ತು. ವೈದ್ಯರ ಮಾತ್ರೆಯೂ ನಡೆದಿತ್ತು, ಹಾಗಾಗಿ ಎಲ್ಲವೂ ಬೆಲ್ಲ ಬಿಟ್ಟದ್ದರಿಂದ ಎನ್ನಲಾರೆ. ಜೋಮು ಪೂರ್ತಿ ಹೋಗಿರಲಿಲ್ಲ. "ಚಪ್ಪಲಿ ಕಳಚಿದರೆ ಈಗ ಗೊತ್ತಾಗ್ತದೆ" ಎಂದರು ಮೋಹನಣ್ಣ. "ಶಶಿ ಮಾತ್ರ ನಿನಗೆ ಇನ್ನೂ ಬೈತಾಳೆ."

ಏನು ತಿನ್ನುತ್ತೀರಿ ಎಂದರೆ ಜನ ಊಟದ ಲೆಕ್ಕ ಹೇಳುತ್ತಾರೆ, ಉಪಚಾರದ್ದಲ್ಲ. ಅದಕ್ಕೇ ಈಗ ಮೊದಲು ಕೇಳುವುದು, ಮನೆಗೆ ಬಂದವರಿಗೆ ಏನು ಕೊಡುತ್ತೀರಿ ಎಂದು. ನನಗೇ ಕೊಡಲು ಬಂದರೆ ತಟ್ಟೆಯನ್ನು ಇವತ್ತಿಗೂ ಹಿಂದಕ್ಕೆ ತಳ್ಳುತ್ತೇನೆ. ಬೈದರೆ ಬೈಯಲಿ.